ತಂಗಡಿ ಬಯಲಲ್ಲಿ ಹುಟ್ಟಿದವನು

ಕೊಟ್ಟೂರು
೧೨ ನವೆಂಬರ್ ೧೯೭೮

ಕಣ್ಮಣಿ ರಹಿಮತ್‌ಗೆ ಅಮ್ಮಿಯ ದುವಾ.

ಹಡಗಲಿಯಲ್ಲಿ ನೀನು, ನಿನ್ನ ಯಜಮಾನರು, ಅತ್ತೆ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಪತ್ರಕ್ಕೆ ಉತ್ತರ ಬಹಳ ತಡವಾಯಿತು, ಸಿಟ್ಟಾಗಬೇಡ. ನಿನ್ನ ಅಬ್ಬಾಗೆ ಕೆಮ್ಮು ಕಡಿಮೆಯಾಗಿದೆ, ಬೀಡಿ ಕಡಿಮೆಯಾಗಿಲ್ಲ.

ಹೋದ ವಾರ ನಾವಿಬ್ಬರೂ ತಂಗಿಯನ್ನು ನೋಡಲೆಂದು ಕೂಡ್ಲಿಗಿಗೆ, ನಿನ್ನ ಖಾಲಾ ಮನೆಗೆ ಹೊರಟಿದ್ದೆವು. ಬಸ್ಸು ಊರು ದಾಟಿದ ಮೇಲೆ ದಾರಿಯ ಎರಡೂ ಕಡೆ ತಂಗಡಿ ಹೂ ಬಿಟ್ಟಿತ್ತು. ಯಾರೂ ಬಿತ್ತದ, ಯಾರೂ ನೀರುಣಿಸದ ಗಿಡ. ಆದರೂ ಕಲ್ಲುಗುಡ್ಡದ ಬುಡದವರೆಗೆ ಹಳದಿಯೋ ಹಳದಿ! ಕಿಟಕಿಯಿಂದ ಕಣ್ಣು ತೆಗೆಯಲಾಗಲಿಲ್ಲ. ಅಲ್ಲೇ ಬಸ್ಸು ಕೆಟ್ಟು ನಿಂತಿತು. ಮೆಕ್ಯಾನಿಕ್ ಸುಮ್ಮನೆ ಕೂರುತ್ತಾರೆಯೇ? ಅಬ್ಬಾ ಅಂಗಿಯ ತೋಳು ಮಡಚಿ ಡ್ರೈವರನ ಜೊತೆ ಎಂಜಿನ್‌ಗೆ ಕೈ ಹಾಕಿದರು.

ನನ್ನ ಹಿಂದಿನ ಸೀಟಿನಲ್ಲಿ ಎರ್ರಮ್ಮ ಎಂಬ ತುಂಬು ಗರ್ಭಿಣಿ ಇದ್ದಳು. ಅತ್ತೆ ಗಿಡ್ಡಮ್ಮ ಅವಳನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಳು. ಬಸ್ಸು ನಿಂತ ಸ್ವಲ್ಪ ಹೊತ್ತಿಗೆ ಅವಳಿಗೆ ನೋವು ಜೋರಾಯಿತು. ಗಿಡ್ಡಮ್ಮ ನನ್ನ ಕೈ ಹಿಡಿದಳು. "ಬೂಬಮ್ಮಾ, ಇಲ್ಲೇ ಆಗೋ ಹಂಗ ಐತಿ. ಬಿಟ್ಟು ಹೋಗಬ್ಯಾಡ್ರಿ."

"ಎಲ್ಲಿಗೂ ಹೋಗಂಗಿಲ್ಲ. ಮೊದಲು ಕೆಳಗ ಇಳಸ್ರಿ" ಎಂದೆ.

ನೆಲವೆಲ್ಲ ಕಲ್ಲು. ಗಂಡಸರು ತಂಗಡಿ ಟೊಂಗೆ ಮುರಿದು ತಂದು ರಾಶಿ ಹಾಕಿದರು. ಅದರ ಮೇಲೆ ನನ್ನ ಬುರ್ಖಾ ಹಾಸಿದೆ. ಹೆಂಗಸರು ಸೀರೆ ಹಿಡಿದು ಸುತ್ತ ಮರೆ ಮಾಡಿದರು. "ನಾ ಉಳಿಯಂಗಿಲ್ಲ" ಎಂದು ಎರ್ರಮ್ಮ ಕೂಗಿಕೊಂಡಳು. "ನನ್ನ ಮಖಾ ನೋಡವ್ವ, ಇನ್ನೊಂದು ಸಲ ತಿಣುಕು" ಎನ್ನುತ್ತ ನಾನು ಅವಳ ತಲೆ ಸವರಿದೆ.

ಗಂಡುಮಗು ಹುಟ್ಟಿತು. ಆದರೆ ಅಳಲಿಲ್ಲ, ಮೈ ನೀಲಿಗಟ್ಟಿತ್ತು. ಸೆರಗು ಬೆರಳಿಗೆ ಸುತ್ತಿ ಬಾಯಿ ಒರೆಸಿದೆ, ಬೋರಲು ಹಾಕಿಕೊಂಡು ಬೆನ್ನು ತಿಕ್ಕಿದೆ. ತಿಕ್ಕುತ್ತಲೇ ಇದ್ದೆ. "ಬಿಡ್ರೆವ್ವ, ದೇವರಿಗೇ ಬ್ಯಾಡಾಗೈತಿ" ಎಂದು ಗಿಡ್ಡಮ್ಮ ಕೂತುಬಿಟ್ಟಳು. ನಾನು ಬಿಡಲಿಲ್ಲ. ಆಮೇಲೆ ಒಂದು ಸಣ್ಣ ಕೆಮ್ಮು, ಹಿಂದೆಯೇ ಅಳು! ಬಸ್ಸಿನ ಆಚೆ ಕಡೆ ಗಂಡಸರು ಶಿಳ್ಳೆ ಹೊಡೆದರು. ಯಾರದೋ ಹೊಸ ಬ್ಲೇಡನ್ನು ಬೆಂಕಿಗೆ ಹಿಡಿದು ಹೊಕ್ಕಳಬಳ್ಳಿ ಕತ್ತರಿಸಿದೆವು. ಮಗುವಿನ ಮೈಗೆಲ್ಲ ತಂಗಡಿ ಹೂವಿನ ಎಸಳು ಮೆತ್ತಿತ್ತು. ಗಿಡ್ಡಮ್ಮ ಒರೆಸಗೊಡಲಿಲ್ಲ. "ಇರ್ಲಿ ಬಿಡ್ರಿ, ಅರಿಷಿಣ ಹಚ್ಚಿಕೊಂಡೇ ಬಂದಾನ!"

ಬಸ್ಸೂ ರಿಪೇರಿಯಾಯಿತು. ಕೈಗೆ ಗ್ರೀಸಾಗಿದೆ ಎಂದು ಅಬ್ಬಾ ಮಗುವನ್ನು ಮುಟ್ಟದೆ, ಬಗ್ಗಿ ನೋಡಿ ನಕ್ಕರು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ನಿನ್ನೆ ಎರ್ರಮ್ಮನ ಗಂಡ ದುರುಗಪ್ಪ ಮನೆ ಹುಡುಕಿಕೊಂಡು ಬಂದಿದ್ದ. "ಹೊನ್ನೂರಪ್ಪ ಅಂತ ಹೆಸರಿಡ್ತೀವ್ರಿ. ನೀವೇ ಬಂದು ತೊಟ್ಲಾಗ ಹಾಕ್ಬೇಕು" ಎಂದ. ಒಪ್ಪಿದ್ದೇನೆ.

ಕಣ್ಣನ್ನು ರೆಪ್ಪೆ ಕಾಯುವಂತೆ ಅಲ್ಲಾಹ್ ನಿನ್ನನ್ನು ಕಾಯಲಿ.

ನಿನ್ನ ಅಮ್ಮಿ,
ಶರೀಫಾ ಬೀ

ತಾ.ಕ.: ಇದನ್ನು ಬರೆಯಲೋ ಬೇಡವೋ ಎಂದೇ ಪತ್ರ ತಡವಾಯಿತು. ಹೋದ ವರ್ಷ ನಿನಗೆ ಹೆರಿಗೆಯ ಜ್ವರ ಇಳಿದು ಎಚ್ಚರವಾಗುವ ಹೊತ್ತಿಗೆ ನಿನ್ನ ಕೂಸನ್ನು ಮಣ್ಣು ಮಾಡಿ ಬಂದಿದ್ದರು. ನೀನು ಏನನ್ನೂ ಕೇಳಲಿಲ್ಲ. ಕೇಳದವಳಿಗೆ ಹೇಳಿ ನೋಯಿಸಬೇಡ ಎಂದರು ಹಿರಿಯರು. ಎರ್ರಮ್ಮ ಮಗುವಿನ ಮುಖವನ್ನೇ ನೋಡುತ್ತ ಕೂತಿದ್ದಾಗ ನನಗೆ ಹೊಳೆಯಿತು, ನಿನಗೆ ಕೇಳುವ ಧೈರ್ಯ ಬಂದಿರಲಿಕ್ಕಿಲ್ಲ ಎಂದು. ಹೆಣ್ಣುಮಗು, ರಹಿಮತ್. ತಲೆತುಂಬ ಕೂದಲು, ಗದ್ದದಲ್ಲಿ ನಿನ್ನದೇ ಗುಳಿ. ಮೈ ತೊಳೆದವಳು ನಾನೇ. ಹೊರಗಿನಿಂದ ಗಂಡಸರು ಕರೆಯುತ್ತಿದ್ದರೂ ಬೇಗ ಕೊಡಲಿಲ್ಲ, ಬಹಳ ಹೊತ್ತು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಅವಳ ಬಗ್ಗೆ ನೀನು ಏನು ಕೇಳಿದರೂ ಹೇಳುತ್ತೇನೆ, ಬಾ.