ಈ ಒಕ್ಕೂಟ ನಮ್ಮದಲ್ಲ

ಅಕ್ಟೋಬರ್ 19, ಶನಿವಾರ

ಮನೆಗೆ ಬಂದವನೇ ಅಪ್ಪ ಕೋಣೆ ಸೇರಿ ಬಾಗಿಲು ಹಾಕಿಕೊಂಡ.

ನಮ್ಮ ಟೆಲ್ಫರ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಇವತ್ತೂ ಹೀನಾಯವಾಗಿ ಸೋತಿತು. ಎಷ್ಟೇ ಸೋತರೂ ಕೊನೆಗೆ ಆಟಗಾರರು ಪ್ರೇಕ್ಷಕರಾದ ನಮ್ಮೆದುರು ಬಂದು ನಿಲ್ಲುತ್ತಾರೆ, ಎಲ್ಲರೂ ಸೇರಿ ಕಾಲೇಜಿನ ಹಾಡು ಹೇಳುತ್ತೇವೆ. ಅದಕ್ಕೆಂದು ಎದ್ದಾಗ ಎದುರು ತಂಡದ ಬೆಂಬಲಿಗನೊಬ್ಬ ಕೂಗಿದ: "ಹೋಗ್ರೋ, ಹೈಸ್ಕೂಲು ಹುಡುಗ್ರ ಜೊತೆ ಆಡ್ಕೊಳ್ಳಿ!"

ಅಪ್ಪ ಒಂದು ಕಾಲದಲ್ಲಿ ಇದೇ ತಂಡಕ್ಕೆ ಆಡಿದವನು. ನನ್ನ ಕಡೆ ತಿರುಗಿದ. "ನೀನೇ ಹೇಳು ವೆಸ್, ದೊಡ್ಡ ಕಾಲೇಜುಗಳು ತಮ್ಮತಮ್ಮಲ್ಲೇ ಆಡೋ ಈ ಒಕ್ಕೂಟದಲ್ಲಿರೋ ಯೋಗ್ಯತೆ ನಮಗಿಲ್ವಾ?"

"ಇಲ್ಲಪ್ಪ. ಅವರಿಗೆ ಚಚ್ಚೋಕೆ ಯಾರಾದ್ರೂ ಬೇಕಲ್ಲ, ಅದಕ್ಕೇ ನಮ್ಮನ್ನ ಇಟ್ಕೊಂಡಿದಾರೆ. ಚಿಕ್ಕ ಒಕ್ಕೂಟಕ್ಕೆ ಹೋಗೋದೇ ಮೇಲು."

"ಬಿಟ್ಟು ಹೋಗೋದು ನಿಂಗೆ ಸಲೀಸು ಕಣೋ. ಸ್ಕೂಲೂ ಹಾಗೇ ಬಿಟ್ಟೆ."

ಹಾಡು ಶುರುವಾಗುವ ಮೊದಲೇ ಮೆಟ್ಟಿಲಿಳಿದು ಹೋದ. ಅಪ್ಪ ಹಾಗೆ ಹಾಡು ಬಿಟ್ಟು ಹೋಗಿದ್ದನ್ನು ನಾನು ಹಿಂದೆಂದೂ ನೋಡೇ ಇರಲಿಲ್ಲ.

ದಿನಾ ಸೋಲುವ ಕಡೆ ದಿನಾ ಹೋಗಿ ಕೂರುವುದು ಹೇಗಿರುತ್ತದೆಂದು ಸ್ಕೂಲಿನಿಂದ ನನಗೆ ಗೊತ್ತು. ಆ ಆಟಗಾರರ ಮುಖದಲ್ಲೂ ಇವತ್ತು ಅದೇ ಇತ್ತು. ಇದನ್ನು ಹೇಳೋಣವೆಂದು ಈಗಷ್ಟೇ ಅಪ್ಪನ ಕೋಣೆಯವರೆಗೆ ಹೋದೆ. ಒಳಗೆ ಅಳುತ್ತಿದ್ದ. ಸಮಾಧಾನ ಮಾಡಬೇಕೆಂದರೆ "ಯೋಗ್ಯತೆ ಇದೆ ಅಪ್ಪ" ಅನ್ನಬೇಕಿತ್ತು. ಬಾಗಿಲು ತಟ್ಟಲು ಎತ್ತಿದ ಕೈ ಹಾಗೇ ಇಳಿಸಿ ಬಂದುಬಿಟ್ಟೆ. ಒಂದೇ ಒಂದು ಸುಳ್ಳು, ಅದೂ ಅಪ್ಪನಿಗಾಗಿ, ನನ್ನ ಬಾಯಲ್ಲಿ ಯಾಕೆ ಬರಲಿಲ್ಲ?