ಟಾಕಿಯೊಳಗಿನ ಗೇಣುದ್ದದ ಪೈಪು

ಎರಡು ಸಾವಿರದ ನೂರಾ ನಲವತ್ತನೇ ಇಸವಿ, ಮುಚ್ಚುಗಾಲ
ಘಟಪ್ರಭೆಯ ದಂಡೆ

ಬಸಲಿಂಗಜ್ಜ,

ನಿನ್ನೆ ಮತ್ತೆ ಅದೇ ಕನಸು. ನಿನ್ನ ಕಾರಿನ ಎಣ್ಣೆಟಾಕಿಯಲ್ಲಿ ಕೈಯಿಟ್ಟಿದ್ದೇನೆ, ಒಳಗಿನ ಪೈಪು ಕಾಕಂಬಿಯಂತೆ ಕರಗಿ ಬೆರಳಿಗೆ ಸುತ್ತಿಕೊಳ್ಳುತ್ತಿದೆ, ಹಿಂದಿನ ಸೀಟಿನಲ್ಲಿ ನನ್ನ ಮಗಳು ನೀಲವ್ವ ಹಲ್ಲು ಕಚ್ಚಿ ಬೇನೆ ತಿನ್ನುತ್ತಿದ್ದಾಳೆ. ಎದ್ದು ಕೈ ತೊಳೆದುಕೊಂಡೆ. ವಾಸನೆ ಹೋಗಲಿಲ್ಲ ಅನಿಸಿತು.

ನಾನು ಪಾರವ್ವ, ನಿನ್ನ ಮೊಮ್ಮಗನ ಮೊಮ್ಮಗಳು. ಶಾಲೆಯನ್ನು ಸೇರಿ ಬಿಟ್ಟು, ಸೇರಿ ಬಿಟ್ಟು ಕಲಿತವಳು. ನಿನಗೆ ತಿಳಿಯದ ಶಬ್ದ ಬಂದರೆ ಸಹಿಸಿಕೋ. ‘ನೀವು’ ಅನ್ನಬೇಕಿತ್ತು, ಸಿಟ್ಟಿನಲ್ಲಿ ಬಹುವಚನ ಹೊರಡುವುದಿಲ್ಲ. ಹಿಂದಂಚೆಯವರು, ಅಂದರೆ ಸತ್ತವರು ಬದುಕಿದ್ದ ಕಾಲಕ್ಕೆ ಓಲೆ ಒಯ್ಯುವವರು, ಒಂದು ಮನೆತನಕ್ಕೆ ಒಂದೇ ಹಾಳೆ ಕೊಡುತ್ತಾರೆ. ಉಳಿದವರು ಅದರಲ್ಲಿ ಹಿರಿಯರ ಆಶೀರ್ವಾದ ಬೇಡುತ್ತಾರೆ. ನನಗೆ ಬೈಯುವುದಿದೆ.

ಇಲ್ಲಿ ಊರ ತುಂಬ ಬಿಸಿಲುಬಂಡಿಗಳು. ಮುಚ್ಚುಗಾಲ ಬಂತೆಂದರೆ, ತಿಂಗಳುಗಟ್ಟಲೆ ಸೂರ್ಯನ ಮುಖವೇ ಕಾಣದ ಕಾಲ ಅದು, ಅವೆಲ್ಲ ಕೊಟ್ಟಿಗೆ ಸೇರುತ್ತವೆ. ಆಗ ಓಡುವುದು ನಿನ್ನ ಅಂಬಾಸಿಡರ್ ಒಂದೇ. ಅದರ ತಳ, ಇಂಜಿನ್ನು ಎಷ್ಟೋ ಸಲ ಬದಲಾಗಿವೆ. ಕುಡಿಯುವುದು ಕಬ್ಬೆಣ್ಣೆ, ನಿನ್ನ ಕಾಲದವರು ಪೆಟ್ರೋಲಿಗೆ ಬೆರೆಸುತ್ತಿದ್ದ ಎಥನಾಲೇ, ಈಗ ಬಹುಪಾಲು ಅದೇ. ಬಸುರಿಯರು, ಹಾವು ಕಚ್ಚಿದವರು ಎಲ್ಲ ನಮ್ಮ ಬಾಗಿಲಿಗೇ ಬರುತ್ತಾರೆ.

ಹಳೇ ಗಾಡಿಯನ್ನು ಎಥನಾಲಿಗೆ ಒಗ್ಗಿಸಿದವನು ನೀನು. ಟಾಕಿಯೊಳಗೆ ಪಂಪು ಕೂಡಿಸಿದೆ, ಎಥನಾಲು ತಡೆಯುವ ಪೈಪನ್ನೇ ತಂದೆ. ಸರಿ. ಟಾಕಿಯ ಹೊರಗಿನ ಪೈಪೆಲ್ಲ ಹಾಕಿದ ಮೇಲೆ ಗೇಣುದ್ದ ಉಳಿಯಿತು. ಬಿಸಾಕಲು ಮನಸ್ಸಾಗದೆ ಅದನ್ನೇ ಒಳಗಿನ ಪಂಪಿಗೆ ಸಿಕ್ಕಿಸಿ, ಮಹಾನವಮಿಯ ದಿನ ಮುಚ್ಚಳಕ್ಕೆ ಅರಿಶಿನದಾರ ಕಟ್ಟಿ, “ಒಂದ ಹೊಟ್ಟಿ ಮಕ್ಕಳಿದ್ದಂಗ, ಎಲ್ಲಾ ಒಂದ ಸುರುಳೀದ ಇರ್ಲಿ” ಅಂದೆಯಂತೆ. ಆ ಮಾತು ನಮ್ಮಲ್ಲಿ ವ್ರತವಾಯಿತು. ಪ್ರತಿ ಮಹಾನವಮಿಗೆ ಒಂದೇ ಸುರುಳಿಯಿಂದ ಪೈಪು ಕತ್ತರಿಸಿ, ಕೊನೆಯ ಗೇಣನ್ನು ಟಾಕಿಯೊಳಗಿಟ್ಟು, ಮುಚ್ಚಳಕ್ಕೆ ಅರಿಶಿನದಾರ ಕಟ್ಟುತ್ತೇವೆ. ಮುಂದಿನ ನವಮಿತನಕ ಬಿಚ್ಚುವಂತಿಲ್ಲ.

ಆ ಪೈಪು ತನ್ನೊಳಗೆ ಎಥನಾಲು ಹರಿದರೆ ತಡೆಯುತ್ತದೆ. ಮೈಯೆಲ್ಲ ಅದರಲ್ಲಿ ಮುಳುಗಿದರೆ ಹೊರಸಿಪ್ಪೆ ಕರಗಿ ಪಂಪಿನ ಬಾಯಿಗೆ ಮೆತ್ತುತ್ತದೆ. ಇಷ್ಟು ನಿನಗೆ ಹೊಳೆಯಲಿಲ್ಲವೇ?

ಹೋದ ಮುಚ್ಚುಗಾಲದಲ್ಲಿ ನೀಲವ್ವನ ಚೊಚ್ಚಲ ಹೆರಿಗೆ. ಸೇತುವೆಯ ನಡುವೆ ಗಾಡಿ ಕೆಮ್ಮಿ ನಿಂತಿತು. ನನ್ನ ಗಂಡ ಸಂಗಯ್ಯ, “ದೃಷ್ಟಿ ತಾಕೇತಿ, ಲಿಂಬಿಹಣ್ಣ ಒಡೀರಿ” ಅಂದ.

“ಲಿಂಬಿಹಣ್ಣ ಕುಡದು ಓಡತೈತೇನ ಇದು? ಟಾಕಿ ಬಿಚ್ಚ ಮಾರಾಯಾ!” ಅಂದೆ.

“ನವಮಿ ದಾರಾ ಹರದ್ರ ಹಿರ್ಯಾರು ಸುಮ್ಮನ ಬಿಡ್ತಾರೇನ?”

ದಾರ ಹರಿಯಲಿಲ್ಲ. ಕೂಸು ಸೇತುವೆಯ ಮೇಲೆಯೇ ಹುಟ್ಟಿತು. ಅಳಲಿಲ್ಲ.

ಈ ಸಲ ದಾರವನ್ನು ನಾನೇ ಹರಿದೆ. ಕನಸಿನಲ್ಲಿ ಕಾಣುವುದನ್ನು ಎಚ್ಚರದಲ್ಲಿ ಕೈಯಾರೆ ಮುಟ್ಟಿದೆ. ಸಂಗಯ್ಯ ಮಾತು ಬಿಟ್ಟಿದ್ದಾನೆ; ಬಿಡಲಿ. ಸದ್ಯಕ್ಕೆ ಅದೇ ಸುರುಳಿಯ ಹೊಸ ತುಂಡು ಹಾಕಿದ್ದೇನೆ, ಆಗಲೇ ಜಿಗುಟು ಬರುತ್ತಿದೆ. ಮುಳುಗಿದರೂ ಕರಗದ ಪೈಪು ನಿನ್ನ ಕಾಲದ ಅಂಗಡಿಯಲ್ಲಿ ಪಕ್ಕದ ಮೊಳೆಗೇ ತೂಗುತ್ತಿತ್ತಂತೆ. ತುಟ್ಟಿಯೆಂದು ಬಿಟ್ಟು ಬಂದೆ ಎಂದು ನಿನ್ನ ಜಾಣತನವನ್ನು ಮನೆಯವರು ಇಂದಿಗೂ ಹೊಗಳುತ್ತಾರೆ. ಕೊಳ್ಳುವವರಿಲ್ಲದೆ ಆ ಪೈಪು ತಯಾರಿಸುವುದೇ ನಿಂತುಹೋಯಿತು. ಕಂಜೂಸ ಮುದುಕ! ನಿನ್ನ ಫೋಟೋಕ್ಕೆ ನಾನು ಹಾರ ಹಾಕುವುದಿಲ್ಲ.

ನೀಲವ್ವನಿಗೆ ಮತ್ತೆ ದಿನ ತುಂಬಿದೆ. ಹೊರಗೆ ಮೋಡ. ಗಾಡಿಯ ಸದ್ದು ಕೇಳಿದರೆ ನನಗೆ ಎದೆ ಹಾರುತ್ತದೆ, ಕೇಳದಿದ್ದರೂ ಹಾರುತ್ತದೆ.

ನೀನು ಏನು ಮಾಡಿದರೂ ನಾವು ಅದನ್ನೇ ವ್ರತ ಮಾಡಿಕೊಳ್ಳುವವರು. ಎರಡು ಸುರುಳಿ ತಂದರೆ ಎರಡು ಸುರುಳಿಯ ವ್ರತ ಮಾಡುತ್ತೇವೆ. ಆದ್ದರಿಂದ ಅಜ್ಜ, ದಾರ ಕಟ್ಟುವ ಮೊದಲು ಕೈ ತಡೆ. ಆ ಗೇಣುದ್ದದ ಪೈಪನ್ನು ಹೊರಗೆ ತೆಗೆದು ಒರೆಸು. ಅದರ ಮೈಮೇಲೆ ಅಚ್ಚಾದದ್ದನ್ನು ಬೆಳಕಿಗೆ ಹಿಡಿ. ಮುಳುಗಿಸಿಡಬಹುದು ಎಂದು ಬರೆದಿದೆಯೋ ಇಲ್ಲವೋ ನೋಡು. ನಮಗೆ ಆ ನೋಡುವುದೇ ವ್ರತವಾಗಲಿ. ನೋಡಿದ್ದೇನೆ ಅನ್ನಬೇಡ. ಮತ್ತೊಮ್ಮೆ ನೋಡು.