ಬಾರ್ಜಿಗೆ ಯಾರ ಕಾನೂನು

ಮಾರ್ಚ್ 4
ತುಕ್ಕು ಕೆರೆದು ಕೆರೆದು ಭುಜ ಬಿದ್ದುಹೋಗಿದೆ. ರಿಪೇರಿಗೆ ಬಂದ ಬಾರ್ಜಿನ, ಅಂದರೆ ಸರಕು ಸಾಗಿಸುವ ಚಪ್ಪಟೆ ದೋಣಿಯ, ಹೊರಮೈಗೆ ಬಣ್ಣ ಬಳಿಯೋದು ನಾನು, ಒಳಗೆ ಟ್ಯಾಂಕಿನಲ್ಲಿ ವೆಲ್ಡಿಂಗ್ ಇವರದ್ದು. ಗಂಡ-ಹೆಂಡತಿ ನಡುವೆ ಒಂದು ತಗಡು, ಅಷ್ಟೇ.

ಇವತ್ತು ದಡದ ಆಫೀಸಿನ, ಅಂದರೆ ದಡದ ವರ್ಕ್‌ಶಾಪುಗಳ ಸುರಕ್ಷತೆ ನೋಡುವ, ಇನ್‌ಸ್ಪೆಕ್ಟರ್ ಮೇಡಂ ಬಂದಿದ್ದರು. ಮೇಸ್ತ್ರಿ ಎಂದಿನಂತೆ ಹಗ್ಗ ಬಿಚ್ಚಿಸಿ, ದಡದಿಂದ ಹತ್ತುವ ಹಲಗೆ ತೆಗೆಸಿ, ಬಾರ್ಜನ್ನು ನೀರಿಗೆ ತಳ್ಳಿಸಿದ. "ಇದು ಹಡಗು ಮೇಡಂ, ಹಡಗಿನ ಆಫೀಸ್ನೋರು ನೋಡ್ಕೋತಾರೆ." ಹೋದ ವಾರ ಆ ಆಫೀಸಿನವರು ಬಂದಾಗ ಬಿಗಿಯಾಗಿ ಕಟ್ಟಿಸಿ, "ಇದು ವರ್ಕ್‌ಶಾಪು ಸಾರ್" ಅಂದಿದ್ದ! ಮನೆಗೆ ಬಂದು ಇವರು ಮೇಸ್ತ್ರಿ ಥರವೇ ಕೈಕಟ್ಟಿ ನಿಂತು ತೋರಿಸಿದರು. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು.

ಮಾರ್ಚ್ 15
ಟ್ಯಾಂಕಿಗೆ ಗಾಳಿ ಊದುವ ಬ್ಲೋವರಿನ ವೈರು ದಡದ ಪ್ಲಗ್ಗಿನಲ್ಲಿತ್ತು. ಮೇಡಂ ಬಂದರು ಅಂತ ಹಗ್ಗ ಬಿಚ್ಚುವಾಗ ಅದನ್ನೂ ಕಿತ್ತರು. ದಡದಲ್ಲಿ ಬಣ್ಣ ಕಲಸುತ್ತಿದ್ದೆ ನಾನು. "ಅಯ್ಯೋ, ಒಳಗೆ ನಮ್ಮನೆಯವರಿದ್ದಾರೆ!" ಮೇಸ್ತ್ರಿ ಹಲ್ಲು ಕಚ್ಚಿ, "ಟೀಗೆ ಮೇಲೆ ಬಂದಿರ್ತಾನೆ, ಸುಮ್ನಿರಮ್ಮ, ಮೇಡಂ ಹೋಗ್ಲಿ" ಅಂದ. ಬಂದಿರಲಿಲ್ಲ. ಮೇಡಂ ಹೋದ ಮೇಲೆ ಬಾರ್ಜನ್ನು ಮತ್ತೆ ದಡಕ್ಕೆಳೆದು, ಹಲಗೆ ಹಾಕಿ, ಇವರನ್ನು ಮೇಲೆತ್ತುವಷ್ಟರಲ್ಲಿ... ಮೈ ಬೆಚ್ಚಗಿತ್ತು. ಉಸಿರಿರಲಿಲ್ಲ.

ಮುಚ್ಚಿದ ಟ್ಯಾಂಕಿನಲ್ಲಿ ತುಕ್ಕು ಉಸಿರಾಡುವ ಗಾಳಿಯನ್ನೇ ತಿಂದುಬಿಡುತ್ತದಂತೆ. ಡಾಕ್ಟರು ಹೇಳಿದರು.

ಏಪ್ರಿಲ್ 20
ಎರಡೂ ಆಫೀಸು ಅಲೆದೆ. ಆಗ ಬಾರ್ಜು ನೀರಲ್ಲಿತ್ತು, ನಮ್ಮ ಕಾನೂನು ಬರೋಲ್ಲ ಅಂತ ದಡದವರು. ರಿಪೇರಿಯಲ್ಲಿದ್ದರೆ ಅದು ಹಡಗೇ ಅಲ್ಲ ಅಂತ ಹಡಗಿನವರು. ಹಾಗಾದರೆ ಇವರು ಸತ್ತದ್ದೆಲ್ಲಿ? ಆಕಾಶದಲ್ಲಾ?

"ಏನಂದ್ರಮ್ಮ?" ಅಂತ ಅತ್ತೆ ಬಾಗಿಲಲ್ಲೇ ಕಾದಿದ್ದರು. ಏನು ಹೇಳಲಿ. ಅದೇ ಟ್ಯಾಂಕಿಗೆ ಹೊಸ ವೆಲ್ಡರ್ ಇಳಿಯುತ್ತಾನಂತೆ. ಅವನಿಗೂ ಹೆಂಡತಿ ಇದ್ದಾಳೆ. ಯಾವುದಾದರೂ ಒಂದು ಕಾನೂನು ಬರಲಿ, ಅಷ್ಟೇ ಸಾಕು ನನಗೆ.

ಜೂನ್ 2
ಮೇಡಂ ಮನೆಗೇ ಬಂದರು. "ಎರಡೂ ಆಫೀಸ್ನೋರು ಒಪ್ಕೊಂಡ್ರಮ್ಮ. ಬಾರ್ಜ್ ಕಟ್ಟಿರ್ಲಿ, ಬಿಚ್ಚಿರ್ಲಿ, ಇನ್ಮೇಲೆ ನಮ್ಮ ರೂಲ್ಸೇ."

ಏನು ರೂಲ್ಸು ಅಂತ ಕೇಳಿದೆ. ಇಳಿಯುವ ಮುಂಚೆ ಗಾಳಿ ಪರೀಕ್ಷೆ. ಟ್ಯಾಂಕಿನ ಬಾಯಲ್ಲಿ ಒಬ್ಬರು ಕೂತು ಕರೆಯುತ್ತಿರಬೇಕು, ಒಳಗಿನವರು ಓಗೊಡಬೇಕು.

"ಇಷ್ಟೇನಾ ಮೇಡಂ? ಒಬ್ರು ಕೂರೋದಾ?"

ಅವರು ತಲೆ ತಗ್ಗಿಸಿಕೊಂಡೇ ಎದ್ದು ಹೊರಟರು. ಹೋದ ಮೇಲೆ ನಾನು ಅತ್ತಿದ್ದೇ ಅತ್ತಿದ್ದು. ಇಷ್ಟು ಸಣ್ಣದೊಂದು ಇಲ್ಲದ್ದಕ್ಕೆ ಹೋದರಲ್ಲ ಇವರು.

ಜೂನ್ 9
ಆ ಕೂರುವ ಕೆಲಸ ನಾನೇ ಕೇಳಿ ತೆಗೆದುಕೊಂಡೆ. ಮೇಸ್ತ್ರಿ ಮುಖ ನೋಡದೆ ಹೂಂ ಅಂದ. "ಏನಪ್ಪಾ?" ಅಂತ ಕರೆಯುತ್ತೇನೆ, ಹೊಸ ವೆಲ್ಡರ್ "ಇದೀನಕ್ಕಾ" ಅಂತಾನೆ. "ಇಷ್ಟ್ ಸಲ ನಮ್ಮವ್ವನೂ ಕರೆದಿಲ್ಲ ಕಣಕ್ಕಾ!" ನಗು ಬಂತು, ಎಷ್ಟೋ ದಿನಕ್ಕೆ.

ಜೂನ್ 10, ಸಂಜೆ
ಮಧ್ಯಾಹ್ನ ಬಿಸಿಲಿಗೆ ಕಣ್ಣು ಎಳೆಯುತ್ತಿತ್ತು. ಕೆಳಗೆ ವೆಲ್ಡಿಂಗ್ ಬೆಳಕು ನಿಂತಿತು. ಥಟ್ಟನೆ ಬಗ್ಗಿ, "ರೀ..." ಅಂದುಬಿಟ್ಟೆ.

ತಗಡಿಗೆ ಕೈ ಬಡಿದೆ.

ಆಮೇಲೆ ಮೆಲ್ಲಗೆ, "ಇದೀನಕ್ಕಾ" ಅಂದ. ಇದ್ದಾನಲ್ಲ, ಅದಕ್ಕೇ ತಾನೇ ನಾನು ಕೂತಿರೋದು. ಆದರೂ ಆ ದನಿ ಕೇಳಿ ನನಗೆ — ಓಗೊಟ್ಟದ್ದು ಇವರಲ್ಲವಲ್ಲ ಅನ್ನಿಸಿತು.